ಕಲ್ಲೆಸೆಯುವಷ್ಟು ದೂರ

ಅಪ್ಪನ ಅಚ್ಚುಕೂಟದಲ್ಲಿ ಒಂದು ಗಣಪತಿ ಬ್ಲಾಕ್ ಇತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮರದ ತುಂಡಿನ ಮೇಲೆ ಸತುವಿನ ತಗಡು ಇಟ್ಟು ಸಣ್ಣ ಮೊಳೆ ಹೊಡೆದಿದ್ದರು. ಸಾಗರದ ಎಷ್ಟೋ ಮದುವೆ ಕಾಗದಗಳ ತಲೆ ಮೇಲೆ ಕೂತವನು ಅವನೇ. ನನಗೆ ಆಗ ಏಳೋ ಎಂಟೋ ವರ್ಷ. ಬ್ಲಾಕ್ ಕೈಯಲ್ಲಿ ಹಿಡಿದು, "ಅಪ್ಪಾ, ಇದು ತಪ್ಪಾಗಿದೆ, ಬಲಮುರಿ ಆಗಿದೆ" ಅಂದೆ. ಅಪ್ಪ ಏನೂ ಹೇಳಲಿಲ್ಲ. ಬ್ಲಾಕಿಗೆ ಇಂಕ್ ಸವರಿದರು, ಒಂದು ಚೂರು ಕಾಗದ ಇಟ್ಟು ಹೆಬ್ಬೆರಳಲ್ಲಿ ಒತ್ತಿದರು, ಮೆಲ್ಲಗೆ ಎತ್ತಿ ತೋರಿಸಿದರು. ಎಡಮುರಿ. "ಅಚ್ಚಿನವರು ಎಲ್ಲಾನೂ ತಿರುಗುಮುರುಗಾಗಿ ನೋಡೋದು ಕಲೀಬೇಕು ಪುಟ್ಟಿ" ಅಂದರು.

ಕಾಗದ ಬ್ಲಾಕನ್ನು ಬಿಟ್ಟು ಏಳುವಾಗ ಒಂದು ಸಣ್ಣ ಸದ್ದು ಬರುತ್ತದೆ. ಒಣಗಿ ಅಂಟಿಕೊಂಡ ತುಟಿ ಬಿಡಿಸಿದ ಹಾಗೆ. ಆ ಸದ್ದು ನನಗೆ ಮತ್ತೆ ಕೇಳಿಸಿದ್ದು ಜರ್ಮನಿಯ ನ್ಯೂರೆಂಬರ್ಗಿನಲ್ಲಿ, ಅಪ್ಪ ಹೋಗಿ ಮೂರು ವರ್ಷ ಆದ ಮೇಲೆ.

ಕೆಲಸದ ಮೇಲೆ ಇಲ್ಲಿಗೆ ಬಂದು ಆಗ ಎಂಟು ತಿಂಗಳು. 2021ರ ನವೆಂಬರ್. ಭಾನುವಾರ, ಜಿಟಿಜಿಟಿ ಮಳೆ, ಅಂಗಡಿ ಎಲ್ಲ ಬಂದ್. ಸುಮ್ನೆ ಹೊತ್ತು ಕಳೆಯೋಣ ಅಂತ ಕೋಟೆಯ ಕೆಳಗಿರುವ, ಐನೂರು ವರ್ಷದ ಹಿಂದಿನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್‌ನ ಮನೆಗೆ ಹೋದೆ. ಅವನು 1509ರಲ್ಲಿ ಕೊಂಡು, 1528ರಲ್ಲಿ ಸಾಯುವವರೆಗೆ ಇದ್ದ ಮನೆ ಅದು. ಈಗ ಮ್ಯೂಸಿಯಂ. ಕೆಳಗೆ ಮರಳುಗಲ್ಲಿನ ಗೋಡೆ, ಮೇಲೆ ಮರದ ಚೌಕಟ್ಟಿನ ಗೋಡೆ. ಒಳಗಿನ ಒಂದು ಕೋಣೆಯಲ್ಲಿ ಹಳೇ ಕಾಲದ ಹಾಗೆ ಮರದಚ್ಚಿನಿಂದ ಚಿತ್ರ ಒತ್ತಿ ತೋರಿಸುತ್ತಾರೆ. ಬಾಗಿಲಲ್ಲೇ ಎಣ್ಣೆ ಇಂಕಿನ ವಾಸನೆ ಹೊಡೆಯಿತು. ಅಪ್ಪನ ಅಂಗಿಯ ವಾಸನೆ. ಅಲ್ಲಿದ್ದ ಹೆಂಗಸು ಹಾಳೆಯ ಮೂಲೆ ಹಿಡಿದು ನಿಧಾನವಾಗಿ ಎತ್ತಿದರು. ಅದೇ ಸದ್ದು. ನಾನು ಮುಖ ತಿರುಗಿಸಿ ಕಿಟಕಿ ಕಡೆ ನಿಂತೆ.

ಆ ದಿನದಿಂದ ನಾನು ಡ್ಯೂರರ್‌ನ ಮರದಚ್ಚಿನ ಚಿತ್ರಗಳನ್ನು ನೋಡುತ್ತಾ ಬಂದಿದ್ದೇನೆ. ನಾನು ಓದಿದ್ದು ಕಂಪ್ಯೂಟರ್. ಕಲೆಯ ಬಗ್ಗೆ ಪಾಠ ಹೇಳಿಸಿಕೊಂಡವಳಲ್ಲ. ಆದರೆ ಅಚ್ಚು ಗೊತ್ತು. ಅವನ ನೂರಾರು ಚಿತ್ರಗಳಲ್ಲಿ ಒಂದೇ ಒಂದು ಪ್ರಸಂಗ ನನ್ನನ್ನು ಹಿಡಿದು ಕೂರಿಸಿತು. ಅದರ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು.

ಪ್ರಸಂಗ ಗೆತ್ಸೇಮನೆಯದು. ಬೈಬಲ್ ಓದದವರಿಗಾಗಿ ಹೇಳುತ್ತೇನೆ. ಯೇಸು ತನ್ನ ಶಿಷ್ಯರ ಜೊತೆ ಕೊನೆಯ ಊಟ ಮುಗಿಸಿ, ರಾತ್ರಿ ಜೆರುಸಲೇಮಿನ ಹೊರಗಿನ ಎಣ್ಣೆಮರಗಳ (ಆಲಿವ್ ಮರಗಳ) ಗುಡ್ಡಕ್ಕೆ, ಅಲ್ಲಿನ ಗೆತ್ಸೇಮನೆ ತೋಟಕ್ಕೆ ಹೋಗುತ್ತಾನೆ. ಬೆಳಗಾದರೆ ಸಾವು ಅಂತ ಆತನಿಗೆ ಗೊತ್ತು. ಪೇತ್ರ, ಯಾಕೋಬ, ಯೋಹಾನ ಎಂಬ ಮೂವರನ್ನು ಹತ್ತಿರ ಕರೆದುಕೊಂಡು, ನನಗೆ ಸಂಕಟವಾಗುತ್ತಿದೆ, ನೀವು ಇಲ್ಲೇ ಎಚ್ಚರವಾಗಿರಿ ಅನ್ನುತ್ತಾನೆ. ತಾನು ಸ್ವಲ್ಪ ಆಚೆ ಹೋಗಿ, ಈ ಕಹಿ ಪಾತ್ರೆ ನನ್ನಿಂದ ದಾಟಿ ಹೋಗಲಿ ಅಂತ ಬೇಡಿಕೊಳ್ಳುತ್ತಾನೆ. ತಿರುಗಿ ಬಂದು ನೋಡಿದರೆ ಮೂವರೂ ನಿದ್ದೆ. ಎಬ್ಬಿಸುತ್ತಾನೆ. ಮತ್ತೆ ಹೋಗುತ್ತಾನೆ. ಮತ್ತೆ ನಿದ್ದೆ. ಎಷ್ಟು ಆಚೆ ಹೋಗಿದ್ದ ಅನ್ನುವುದನ್ನು ಬೈಬಲ್ಲಿನಲ್ಲಿ ಯೇಸುವಿನ ಕಥೆ ಬರೆದ ನಾಲ್ವರಲ್ಲಿ ಲೂಕ ಮಾತ್ರ ಹೇಳುತ್ತಾನೆ: ಕಲ್ಲೆಸೆಯುವಷ್ಟು ದೂರ.

ಡ್ಯೂರರ್ ಈ ಪ್ರಸಂಗವನ್ನು ಮರದಚ್ಚಿಗೆ ಮೊದಲು ತಂದದ್ದು 1496-97ರ ಸುಮಾರಿಗೆ. ಅವನಿಗಾಗ ಇಪ್ಪತ್ತೈದು, ಇಪ್ಪತ್ತಾರು. ಯೇಸುವಿನ ಕೊನೆಯ ದಿನಗಳ ಆ ಸರಣಿಗೆ 'ದೊಡ್ಡ ಪ್ಯಾಶನ್' ಅಂತ ಹೆಸರು; ಪ್ಯಾಶನ್ ಅಂದರೆ ಇಲ್ಲಿ ಯೇಸು ಪಟ್ಟ ಯಾತನೆ. ಶೀರ್ಷಿಕೆಯ ಹಾಳೆ ಸೇರಿ 12 ಚಿತ್ರ, ಪುಸ್ತಕವಾಗಿ ಬಂದದ್ದು 1511ರಲ್ಲಿ. ಹಾಳೆ ನಿಜಕ್ಕೂ ದೊಡ್ಡದೇ, ಸುಮಾರು 39 ಸೆಂಟಿಮೀಟರ್ ಎತ್ತರ, 28 ಅಗಲ. ನಮ್ಮ ಮನೆ ಗೋಡೆಯ ಕ್ಯಾಲೆಂಡರ್ ಅಷ್ಟು.

ನಡುವೆ ಯೇಸು ಮಂಡಿಯೂರಿದ್ದಾನೆ. ಎರಡೂ ಕೈ ಎತ್ತಿದ್ದಾನೆ. ಮುಗಿದ ಕೈ ಅಲ್ಲ ಅದು, ಏನನ್ನೋ ತಡೆಯುವ ಕೈ. ಮೋಡದಿಂದ ದೇವದೂತ ಪಾತ್ರೆ ಹಿಡಿದು ಇಳಿಯುತ್ತಿದ್ದಾನೆ. ಹಿಂದೆ, ದೂರದಲ್ಲಿ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಸೈನಿಕರನ್ನು ಕರೆದುಕೊಂಡು ತೋಟದೊಳಗೆ ಬರುತ್ತಿದ್ದಾನೆ. ಮುಂದೆ, ನೋಡುವವರ ಕಾಲಬುಡದಲ್ಲೇ, ಆ ಮೂವರು ಮಲಗಿದ್ದಾರೆ.

ಮೊದಲ ಸಲ ನೋಡಿದಾಗ ನನ್ನ ಕಣ್ಣು ಹೋಗಿದ್ದು ಆ ಮೂವರ ಮೇಲೆ. ಕೋಪ ಬಂತು. ಚಿತ್ರ ನೋಡಿ ಬಂದ ಕೋಪ ಅಲ್ಲ, ಹಳೆಯದು.

2018ರಲ್ಲಿ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಅಪ್ಪ ಐಸಿಯುನಲ್ಲಿದ್ದರು. ಹೊರಗೆ ಉದ್ದನೆಯ ಪಡಸಾಲೆ. ಅದರ ಆ ತುದಿಯಲ್ಲಿ ನಮ್ಮವರು ಪ್ಲಾಸ್ಟಿಕ್ ಚಾಪೆ ಹಾಸಿಕೊಂಡಿದ್ದರು. ಮಾವ ಚಪ್ಪಲಿ ಮೇಲೆ ಟವೆಲ್ ಮಡಚಿಟ್ಟು ಅದನ್ನೇ ದಿಂಬು ಮಾಡಿಕೊಂಡು ಮಲಗಿದ್ದರು. ಚಿಕ್ಕಪ್ಪನ ಮಗ ಗೋಡೆ ಕಡೆ ಮುಖ ಮಾಡಿ ಮುದುಡಿಕೊಂಡಿದ್ದ. ಅಣ್ಣ ಕೂತಲ್ಲೇ ಗೋಡೆಗೆ ಒರಗಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದ. ನಾನು ಈ ತುದಿಯಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ. ಅವರಿಗೂ ನನಗೂ ನಡುವೆ ಹದಿನೈದು ಹೆಜ್ಜೆ ಇದ್ದಿರಬಹುದು. ತಲೆ ಮೇಲೆ ಟ್ಯೂಬ್‌ಲೈಟ್ ಗುಂಯ್ ಅಂತಿತ್ತು. ಬೆಳಗಿನ ಜಾವ ಮೂರೂ ಮುಕ್ಕಾಲಿಗೆ ನರ್ಸ್ ಬಾಗಿಲು ತೆರೆದು, "ಸಾಗರದವರು ಯಾರು?" ಅಂದರು. ಅಣ್ಣನನ್ನು ಕೂಗಿ ನಾನು ಒಳಗೆ ಓಡಿದೆ. ಅಣ್ಣ ಎದ್ದು, ಚಪ್ಪಲಿ ಹುಡುಕಿ, ಬರುವಷ್ಟರಲ್ಲಿ ಅಪ್ಪ ಹೋಗಿದ್ದರು.

ನಾನು ಯಾರಿಗೂ ಏನೂ ಅನ್ನಲಿಲ್ಲ. ಆದರೆ ಮನಸ್ಸಲ್ಲಿ ಇಟ್ಟುಕೊಂಡೆ. ಮೂವರೂ ಹೇಗೆ ಮಲಗಿದರು? ಅದೂ ಆ ರಾತ್ರಿ?

ಹಾಗಾಗಿ ಡ್ಯೂರರ್‌ನ ಮೂವರನ್ನು ನೋಡಿದಾಗ ನನಗೆ ಮೊದಲು ಕಂಡದ್ದು ತಪ್ಪು ಮಾಡಿದವರು. ಆ ಹಾಳೆಯನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು ಎಷ್ಟೋ ರಾತ್ರಿ ನೋಡಿದೆ. ದೊಡ್ಡ ಮ್ಯೂಸಿಯಂಗಳು ಇಂಥ ಚಿತ್ರಗಳನ್ನು ಗೆರೆ ಗೆರೆಯೂ ಕಾಣುವ ಹಾಗೆ ವೆಬ್‌ಸೈಟಿನಲ್ಲಿ ಇಟ್ಟಿರುತ್ತಾರೆ. ನೋಡನೋಡುತ್ತಾ ಕಣ್ಣು ಮನುಷ್ಯರನ್ನು ಬಿಟ್ಟು ನೆಲಕ್ಕೆ ಇಳಿಯಿತು. ಅಲ್ಲಿಂದ ನನಗೆ ಆ ಚಿತ್ರ ತೆರೆದುಕೊಂಡಿತು.

ಇದನ್ನು ಹೇಳಬೇಕಾದರೆ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಮರದಚ್ಚು ಮಾಡುವುದು ಹೀಗೆ: ನುಣ್ಣಗೆ ಹೆರೆದ ಹಲಗೆ, ಇಲ್ಲಿ ಹೆಚ್ಚಾಗಿ ಪಿಯರ್ ಮರದ್ದು. ಅದರ ಮೇಲೆ ಚಿತ್ರ ಬರೆಯುತ್ತಾರೆ, ತಿರುಗುಮುರುಗಾಗಿ. ಆಮೇಲೆ ಗೆರೆಯ ಎರಡೂ ಬದಿಯ ಮರವನ್ನು ಚಾಕುವಿನಲ್ಲಿ ಸೀಳಿ ತೆಗೆಯುತ್ತಾರೆ. ಅಗಲ ಜಾಗ ಇದ್ದರೆ ಉಳಿ. ಕೊನೆಗೆ ಗೆರೆಗಳು ಮಾತ್ರ ಬದುವಿನ ಹಾಗೆ ಎದ್ದು ನಿಲ್ಲುತ್ತವೆ. ಇಂಕ್ ಕೂರುವುದು ಅವುಗಳ ತಲೆ ಮೇಲೆ. ಸೀಸದ ಅಕ್ಷರಗಳನ್ನು, ಅಂದರೆ ಅಚ್ಚುಮೊಳೆಗಳನ್ನು, ಜೋಡಿಸಿ ಒತ್ತುವ ಲೆಕ್ಕವೇ ಇದು. ಅದಕ್ಕೇ ಮರದಚ್ಚನ್ನೂ ಮೊಳೆಗಳನ್ನೂ ಜೊತೆಗೆ ಕಟ್ಟಿ ಒಂದೇ ಏಟಿಗೆ ಒತ್ತಬಹುದು. ಡ್ಯೂರರ್ ಹದಿನೈದನೇ ವಯಸ್ಸಿಗೆ ಮೈಕೇಲ್ ವೋಲ್ಗೆಮುಟ್ ಎಂಬ ಚಿತ್ರಕಾರನ ಹತ್ತಿರ ಕಲಿಯಲು ಸೇರಿದ. ಆ ಕಮ್ಮಟದಲ್ಲಿ ಪುಸ್ತಕಗಳಿಗೆ ಮರದಚ್ಚಿನ ಚಿತ್ರ ಮಾಡುತ್ತಿದ್ದರು. ಊರಿನ ದೊಡ್ಡ ಮುದ್ರಕ ಆಂಟನ್ ಕೋಬರ್ಗರ್ ಅವನಿಗೆ ದೀಕ್ಷಾಸ್ನಾನದ ತಂದೆ, ಅಂದರೆ ಚರ್ಚಿನಲ್ಲಿ ಮಗುವಿನ ಹೊಣೆ ಹೊತ್ತವನು. ಅಚ್ಚುಕೂಟದ ಅಂಗಳದಲ್ಲೇ ಬೆಳೆದ ಹುಡುಗ ಅನ್ನಿ.

ಈಗ ಯೋಚನೆ ಮಾಡಿ. ಬಣ್ಣದಲ್ಲಿ ಬರೆಯುವವನಿಗೆ ಆಕಾಶಕ್ಕೆ ಒಂದು ಬಣ್ಣ ಇದೆ, ಚರ್ಮಕ್ಕೆ ಒಂದು, ಬಟ್ಟೆಗೆ ಒಂದು. ಮರದಚ್ಚಿನವನಿಗೆ ಇರುವುದು ಒಂದೇ: ಕಪ್ಪು ಗೆರೆ. ಬಂಡೆಗೂ ಅದೇ, ನಿಲುವಂಗಿಯ ಮಡಿಕೆಗೂ ಅದೇ, ಮೋಡಕ್ಕೂ ಅದೇ, ಮಲಗಿದವನ ಭುಜಕ್ಕೂ ಅದೇ. ಮುಖಕ್ಕೆ ಉಳಿಯುವ ಜಾಗವೋ ಉಗುರಿನಷ್ಟು. ಅಷ್ಟರಲ್ಲಿ ಕಣ್ಣೀರು, ಹೆದರಿಕೆ, ಸುಸ್ತು ಎಲ್ಲ ಎಲ್ಲಿ ತೋರಿಸುತ್ತೀರಿ? ಹಾಗಾಗಿ ದುಃಖ ಮುಖದಲ್ಲಿ ಹಿಡಿಸದೆ ಹೊರಗೆ ಹರಿಯುತ್ತದೆ. ಬಂಡೆಯ ಬಿರುಕಿಗೆ ಇಳಿಯುತ್ತದೆ. ಮರದ ಕೊಂಬೆಗೆ ಏರುತ್ತದೆ. ಯೇಸುವಿನ ನಿಲುವಂಗಿಯ ಅಂಚು ನೆಲದ ಮೇಲೆ ಹರಡಿಕೊಂಡ ಕಡೆ ನೋಡಿ. ಬಟ್ಟೆಯ ಮಡಿಕೆಗಳು ಒಡೆದ ಕಲ್ಲಿನ ಹಾಗೆ ಮುರಿದುಕೊಂಡಿವೆ. ಬಟ್ಟೆ ಎಲ್ಲಿ ಮುಗಿಯಿತು, ಭೂಮಿ ಎಲ್ಲಿ ಶುರುವಾಯಿತು ಅಂತ ಕಣ್ಣು ಒಂದು ಕ್ಷಣ ತಡವರಿಸುತ್ತದೆ. ಮಲಗಿದವರ ಬಟ್ಟೆಗೂ ಅವೇ ಗೆರೆಗಳು. ಒಂದೇ ಹಲಗೆ, ಒಂದೇ ಚಾಕು. ಎಚ್ಚರವಿದ್ದವನನ್ನೂ ಮಲಗಿದವರನ್ನೂ ಅವು ಬೇರೆ ಮಾಡುವುದಿಲ್ಲ.

ಇದು ಬರೀ ನನ್ನ ಭಾವುಕತೆ ಅಂತ ನೀವು ಅನ್ನಬಹುದು. ನಾನು ಹಾಗೆ ಅಂದುಕೊಳ್ಳುವುದಿಲ್ಲ. ಡ್ಯೂರರ್‌ಗೆ ಕಲ್ಲು ಚೆನ್ನಾಗಿ ಗೊತ್ತಿತ್ತು. ಊರ ಸುತ್ತ ಮರಳುಗಲ್ಲಿನ ಗಣಿಗಳಿವೆ, ಈ ಊರು ಕಟ್ಟಿದ್ದೇ ಆ ಕಲ್ಲಿನಿಂದ. 1490ರ ದಶಕದಲ್ಲಿ ಅವನು ಅಂಥ ಕಲ್ಲುಗಣಿಗಳಿಗೆ ಹೋಗಿ ಜಲವರ್ಣದಲ್ಲಿ ಬರೆದ ಚಿತ್ರಗಳು ಉಳಿದಿವೆ. ಹೆಚ್ಚಿನವುಗಳಲ್ಲಿ ಮನುಷ್ಯರೇ ಇಲ್ಲ. ಕಡಿದ ಬಂಡೆಯ ಮುಖ, ಬಿರುಕು, ಬಿರುಕಲ್ಲಿ ಬೇರು ಬಿಟ್ಟ ಗಿಡ. ಯಾರಿಗೂ ಮಾರಲು ಬರೆದದ್ದಲ್ಲ, ತನಗೇ ಅಂತ ಬರೆದದ್ದು. ಹೀಗೆ ಕಣ್ಣಾರೆ ನೋಡಿಟ್ಟುಕೊಂಡ ಕಲ್ಲೇ ಅವನ ಧಾರ್ಮಿಕ ಚಿತ್ರಗಳಿಗೆ ನೆಲವಾಯಿತು. ಜೆರುಸಲೇಮ್ ಅವನು ನೋಡಿರಲಿಲ್ಲ. ಅವನ ಎಣ್ಣೆಮರದ ಗುಡ್ಡ ಈ ಊರಿನ ಗುಡ್ಡವೇ. ಕೋಟೆಯ ಬಂಡೆಯ ಕೆಳಗೆ ಇಲ್ಲಿ ಒಂದು ಬೀದಿ ಇದೆ. ಅದರ ಹೆಸರು ಆಮ್ ಓಲ್ಬರ್ಗ್, ಅಂದರೆ ಎಣ್ಣೆಮರದ ಗುಡ್ಡದ ಬೀದಿ. ಅವನ ಮನೆಯಿಂದ ಅಲ್ಲಿಗೆ ಎರಡು ಮೂರು ನಿಮಿಷ ಅಷ್ಟೆ.

ಆ ಕಾಲದಲ್ಲಿ ಈ ಊರಿನವರು ಜೆರುಸಲೇಮನ್ನು ಹೀಗೆ ತಮ್ಮ ಅಂಗಳಕ್ಕೇ ತಂದುಕೊಂಡಿದ್ದರು. ಡ್ಯೂರರ್ ಮನೆ ಎದುರಿನ ಚೌಕದಲ್ಲಿ ಪಿಲಾತನ ಮನೆ ಅಂತ ಕರೆಯುವ ಒಂದು ಹಳೇ ಮನೆ ಇದೆ; ಪಿಲಾತ ಅಂದರೆ ಯೇಸುವಿಗೆ ಮರಣದಂಡನೆ ಕೊಟ್ಟ ರೋಮನ್ ಅಧಿಕಾರಿ. ಅಲ್ಲಿಂದ ಊರ ಬಾಗಿಲು ದಾಟಿ ಯೋಹಾನರ ಸ್ಮಶಾನದವರೆಗೆ, ಯೇಸು ಶಿಲುಬೆ ಹೊತ್ತು ನಡೆದ ದಾರಿಯ ನೆನಪಿಗೆ, ದಾರಿಯುದ್ದಕ್ಕೂ ಕಲ್ಲಿನ ಉಬ್ಬುಶಿಲ್ಪಗಳನ್ನು ನಿಲ್ಲಿಸಿದ್ದರು. ಆಡಮ್ ಕ್ರಾಫ್ಟ್ ಎಂಬ ಶಿಲ್ಪಿ 1500ರ ನಂತರದ ವರ್ಷಗಳಲ್ಲಿ ಮಾಡಿದ್ದು. ಪಿಲಾತನ ಮನೆಯಿಂದ ಇಲ್ಲಿಗೆ ಇಷ್ಟು ಹೆಜ್ಜೆ ಅಂತ ಕಲ್ಲಿನ ಮೇಲೆ ಕೆತ್ತಿದ್ದಾರೆ. ಮೂಲ ಶಿಲ್ಪಗಳು ಈಗ ಮ್ಯೂಸಿಯಂನಲ್ಲಿವೆ, ದಾರಿಯಲ್ಲಿರುವುದು ನಕಲು. ನಾನು ಆ ದಾರಿಯನ್ನು ಎಷ್ಟೋ ಸಲ ನಡೆದಿದ್ದೇನೆ. ಟ್ರಾಫಿಕ್, ಸೈಕಲ್, ಬೇಕರಿ, ನಡುವೆ ಕಲ್ಲಿನಲ್ಲಿ ಮುಗ್ಗರಿಸುತ್ತಿರುವ ಯೇಸು. ಡ್ಯೂರರ್ ಬದುಕಿದ್ದು ಆ ದಾರಿಯ ಈ ತುದಿಯಲ್ಲಿ. ಅವನನ್ನು ಹೂಳಿದ್ದು ಆ ತುದಿಯಲ್ಲಿ.

ಅವನು ಗೆತ್ಸೇಮನೆಯನ್ನು ಒಂದು ಸಲ ಬರೆದು ಬಿಡಲಿಲ್ಲ. 1508ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ. ಅಲ್ಲಿ ಯೇಸು ಎರಡೂ ಕೈಯನ್ನು ತಲೆ ಮೇಲೆ ಎತ್ತಿ ಕೂಗುತ್ತಿರುವ ಹಾಗಿದೆ. ಅದರ ಸುಮಾರಿಗೇ 'ಚಿಕ್ಕ ಪ್ಯಾಶನ್' ಅನ್ನುವ ಮರದಚ್ಚಿನ ಸರಣಿ ಶುರು ಮಾಡಿದ. 37 ಚಿತ್ರ, ಒಂದೊಂದೂ ಬರೀ 12.7 ಸೆಂಟಿಮೀಟರ್ ಎತ್ತರ, ಪೋಸ್ಟ್‌ಕಾರ್ಡಿಗಿಂತ ಚಿಕ್ಕದು. ಜನ ಕೈಯಲ್ಲಿ ಹಿಡಿದು, ಮನೆಯಲ್ಲಿ ಕೂತು, ಒಬ್ಬೊಬ್ಬರೇ ನೋಡಲಿ ಅಂತ ಮಾಡಿದ ಪುಸ್ತಕ. ಅದರ ಹಲಗೆಗಳಲ್ಲಿ 35 ಈಗಲೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಐನೂರು ವರ್ಷದ ಮರ! ಅಪ್ಪ ಇದ್ದಿದ್ದರೆ ಅವರಿಗೆ ಇದೊಂದು ಸುದ್ದಿ ಹೇಳಬೇಕಿತ್ತು. ನಮ್ಮ ಅಚ್ಚುಕೂಟದ ಬ್ಲಾಕುಗಳೆಲ್ಲ ಇಪ್ಪತ್ತು ವರ್ಷಕ್ಕೇ ಗುಜರಿಗೆ ಹೋದವು.

ಈ ಚಿಕ್ಕ ಪ್ಯಾಶನ್ನಿನ ಪುಸ್ತಕದಲ್ಲಿ ಇರುವ ಯೇಸು ಶಾಂತ. ಕೈ ಮುಗಿದು ಮಂಡಿಯೂರಿದ್ದಾನೆ. ಆದರೆ ಇದಕ್ಕೂ ಮೊದಲು ಡ್ಯೂರರ್ ಅದೇ ಪ್ರಸಂಗಕ್ಕೆ ಇನ್ನೊಂದು ಹಲಗೆ ಮಾಡಿಸಿದ್ದ. ಅದನ್ನು ಪುಸ್ತಕಕ್ಕೆ ಸೇರಿಸಲಿಲ್ಲ. ಅದರ ಅಚ್ಚು ಸಿಗುವುದು ಅಪರೂಪ, ನಾನು ನೋಡಿರುವುದು ಪುಸ್ತಕದಲ್ಲಿ ಮಾತ್ರ. ಅದರಲ್ಲಿ ಯೇಸು ನೆಲಕ್ಕೆ ಬಿದ್ದಿದ್ದಾನೆ. ಬೋರಲು. ಮುಖ ಮಣ್ಣಿಗೆ, ಎರಡೂ ಕೈ ಎರಡು ಕಡೆ ಚಾಚಿಕೊಂಡಿವೆ. ಇನ್ನೂ ಯಾರೂ ಶಿಲುಬೆ ತಂದಿಲ್ಲ, ದೇಹವೇ ಆಗಲೇ ಶಿಲುಬೆಯ ಆಕಾರ.

ಲೂಕ ಮಂಡಿಯೂರಿದ ಅಂತ ಬರೆದ. ಮತ್ತಾಯ ಬೋರಲು ಬಿದ್ದ ಅಂತ ಬರೆದ. ಚಿತ್ರಕಾರರಿಗೆ ಮಂಡಿಯೂರಿದ್ದೇ ಅನುಕೂಲ, ಯಾಕೆಂದರೆ ಮುಖ ಕಾಣುತ್ತದೆ, ಕೈ ಕಾಣುತ್ತದೆ. ಬಿದ್ದವನ ಮುಖ ಕಾಣುವುದಿಲ್ಲ. ಪ್ರಾರ್ಥನೆಗೆ ಕೂತ ಭಕ್ತರ ಪುಸ್ತಕಕ್ಕೆ ಅದು ಜಾಸ್ತಿಯಾಯಿತೋ ಏನೋ. ನನಗೆ ಮಾತ್ರ ಎಲ್ಲಕ್ಕಿಂತ ನಿಜ ಅನಿಸುವುದು ಅದೇ. ಮುಖ ನೆಲಕ್ಕೆ ಹೋದ ಮೇಲೆ ನೆಲವೇ ಮುಖ. ನಾವು ನೋಡುವುದು ಬೆನ್ನು, ಕಲ್ಲು, ಕತ್ತಲು. ಐಸಿಯು ಒಳಗೆ ನನಗೂ ಅಪ್ಪನ ಮುಖ ಕಂಡಿರಲಿಲ್ಲ. ಮಾಸ್ಕ್ ಇತ್ತು, ಡಾಕ್ಟರುಗಳು ಅಡ್ಡ ನಿಂತಿದ್ದರು. ಕಂಡದ್ದು ಪಾದ. ಆ ಹಸಿರು ಬೆಡ್‌ಶೀಟಿನ ಮಡಿಕೆಗಳು ಇವತ್ತಿಗೂ ಒಂದೊಂದೂ ನೆನಪಿವೆ.

ಒಂದು ದಿನ ಡ್ಯೂರರ್‌ನ ಸ್ವಂತ ಬರಹಗಳನ್ನು ಓದುತ್ತಿದ್ದೆ. ಅವನು ಮನೆಯ ಸಾವುನೋವುಗಳನ್ನು ಬರೆದಿಡುತ್ತಿದ್ದ ಒಂದು ನೆನಪಿನ ಪುಸ್ತಕ ಇತ್ತು. ಅದರಲ್ಲಿ ಈಗ ಒಂದೇ ಒಂದು ಹಾಳೆ ಉಳಿದಿದೆ. ಅದರಲ್ಲಿ ಅವನ ಅಪ್ಪನ ಸಾವು ಇದೆ. ಅಪ್ಪ ಅಕ್ಕಸಾಲಿಗ, ಮಗನಿಗೂ ಮೊದಲು ಆ ಕೆಲಸವನ್ನೇ ಕಲಿಸಿದವರು. ತೀರಿಕೊಂಡದ್ದು 1502ರ ಸೆಪ್ಟೆಂಬರಿನಲ್ಲಿ, ರಾತ್ರಿ ಹೊತ್ತು. ಮುದುಕರಿಗೆ ಜೋರಾದಾಗ ಮನೆಯ ಕೆಲಸದ ಹುಡುಗಿ ಓಡಿ ಬಂದು ಮಗನನ್ನು ಎಬ್ಬಿಸಿದಳಂತೆ. ಅವನು ಕೆಳಗಿಳಿದು ಬರುವಷ್ಟರಲ್ಲಿ ಅಪ್ಪ ಹೋಗಿದ್ದರು. ಕೊನೆ ಗಳಿಗೆಯಲ್ಲಿ ಜೊತೆಗಿರುವ ಯೋಗ್ಯತೆ ನನಗಿರಲಿಲ್ಲವಲ್ಲ ಅಂತ ದೊಡ್ಡ ಸಂಕಟದಿಂದ ಬರೆದುಕೊಂಡಿದ್ದಾನೆ.

ನಾನು ಪುಸ್ತಕ ಮಗುಚಿಟ್ಟೆ. ಆ ರಾತ್ರಿ ಮುಂದೆ ಓದಲಾಗಲಿಲ್ಲ.

ಅಲ್ವಾ? ಆ ಮೂವರನ್ನು ಅಷ್ಟು ಸಲ ಬರೆದವನು ತಾನೇ ಮಲಗಿದ್ದವನು. ದೊಡ್ಡ ಪ್ಯಾಶನ್ನಿನ ಹಾಳೆ ಮಾಡಿದಾಗ ಅವನ ಅಪ್ಪ ಇನ್ನೂ ಬದುಕಿದ್ದರು. ಕೂಗುವ ಯೇಸು, ಬಿದ್ದ ಯೇಸು, ಕೈ ಮುಗಿದ ಯೇಸು ಬಂದದ್ದೆಲ್ಲ ಆ ರಾತ್ರಿಯ ನಂತರ. ಆ ಸಾವಿನಿಂದಲೇ ಈ ಚಿತ್ರಗಳು ಹುಟ್ಟಿದವು ಅಂತ ನಾನು ಹೇಳುತ್ತಿಲ್ಲ. ಇಂಥ ಚಿತ್ರಗಳಿಗೆ ಕೊಳ್ಳುವವರಿದ್ದರು, ಅವನಿಗೆ ನಡೆಸಬೇಕಾದ ಕಮ್ಮಟ ಇತ್ತು. ಆದರೆ ಮಲಗಿದವರ ಮೈ ಬರೆಯುವಾಗ, ಆ ಜೋತುಬಿದ್ದ ತಲೆ, ಭಾರವಾದ ಕೈ ಬರೆಯುವಾಗ ಅವನಿಗೆ ಏನೂ ಅನಿಸಲಿಲ್ಲ ಅಂತ ಹೇಗೆ ನಂಬಲಿ?

ಅದೇ ಹಾಳೆಯಲ್ಲಿ ಅಮ್ಮನ ಸಾವೂ ಇದೆ. 1514ರ ಮೇ 17. ಅಮ್ಮ ಸಾಯುವಾಗ ಅವನು ಪಕ್ಕದಲ್ಲೇ ಇದ್ದ, ಎಚ್ಚರವಾಗಿದ್ದ, ಅವರಿಗಾಗಿ ಪ್ರಾರ್ಥನೆ ಹೇಳಿದ. ಸಾವು ಅವರ ಎದೆಗೆ ಎರಡು ದೊಡ್ಡ ಪೆಟ್ಟು ಕೊಟ್ಟದ್ದನ್ನು ಕಂಡೆ ಅಂತ ಬರೆದಿದ್ದಾನೆ. ಮರುವರ್ಷ ಕಬ್ಬಿಣದ ತಗಡನ್ನು ಆಮ್ಲದಲ್ಲಿ ಕೊರೆದು ಮತ್ತೆ ಗೆತ್ಸೇಮನೆಯನ್ನು ಮಾಡಿದ. ಅದು ಮರದಚ್ಚಲ್ಲ, ಆದರೂ ಹೇಳದೆ ಇರಲಾರೆ. ಅದರಲ್ಲಿ ಒಂದು ಮರ ಇದೆ. ಗಂಟು ಗಂಟಾದ ಕಾಂಡ, ಗಾಳಿಗೆ ಸಿಕ್ಕಿ ಹೊಯ್ದಾಡುವ ಎಲೆಗಳು. ಬೆಳಕೂ ನೆಟ್ಟಗೆ ನಿಂತಿಲ್ಲ, ನಡುಗುತ್ತಿದೆ. ಮರವೇ ನರಳುತ್ತಿದೆ ಅನಿಸುತ್ತದೆ.

ಕೊನೆಗೊಂದು 1521ರಲ್ಲಿ. ಆಗ ಅವನು ನೆದರ್‌ಲ್ಯಾಂಡ್ಸ್ ಕಡೆ ಪ್ರವಾಸದಲ್ಲಿದ್ದ. ದಡಕ್ಕೆ ಬಿದ್ದ ತಿಮಿಂಗಿಲ ನೋಡಬೇಕು ಅಂತ ಚಳಿಗಾಲದಲ್ಲಿ ಜೀಲ್ಯಾಂಡ್ ತೀರಕ್ಕೆ ಹೋದ. ತಿಮಿಂಗಿಲ ಸಿಗಲಿಲ್ಲ. ಸಿಕ್ಕಿದ್ದು ಯಾರಿಗೂ ಗೊತ್ತಿಲ್ಲದ ಒಂದು ಕಾಯಿಲೆ. ಅದು ಅವನನ್ನು ಪೂರ್ತಿ ಬಿಡಲೇ ಇಲ್ಲ. ಆ ಪ್ರವಾಸದ ದಿನಚರಿಯಲ್ಲೇ ಎರಡು 'ಎಣ್ಣೆಮರದ ಗುಡ್ಡ' ಬರೆದೆ ಅಂತ ಲೆಕ್ಕ ಬರೆದಿದ್ದಾನೆ. 1521ರ ತಾರೀಕಿನ ಒಂದು ಹಾಳೆ ಈಗ ಫ್ರಾಂಕ್‌ಫರ್ಟಿನಲ್ಲಿದೆ. ಪೆನ್ನಿನ ಚಿತ್ರ, ಅಡ್ಡ ಹಾಳೆ. ಅಡ್ಡ ಹಾಳೆಯಲ್ಲೇ ಇನ್ನೊಂದು ಮರದಚ್ಚಿನ ಸರಣಿ ಮಾಡುವ ಆಸೆ ಅವನಿಗಿತ್ತು, ಮುಗಿಸಲು ಆಗಲಿಲ್ಲ. ಈ ಹಾಳೆಯಲ್ಲಿ ಯೇಸು ಮತ್ತೆ ಬೋರಲು. ಪುಸ್ತಕದಿಂದ ತೆಗೆದಿಟ್ಟ ಆ ದೇಹ ಹತ್ತು ಹನ್ನೆರಡು ವರ್ಷ ಆದ ಮೇಲೆ ವಾಪಸ್ ಬಂದಿದೆ. ಹಾಳೆ ಅಡ್ಡ ಇರುವುದರಿಂದ ನೆಲ ಉದ್ದಕ್ಕೆ ಚಾಚಿಕೊಂಡಿದೆ, ದೇಹವೂ ನೆಲದ ಜೊತೆ ಚಾಚಿಕೊಂಡಿದೆ.

ಲೂಕನ ಸುವಾರ್ತೆಯನ್ನು ನಾನು ಮತ್ತೆ ತೆಗೆದು ಓದಿದ್ದು ಇದೆಲ್ಲ ಆದ ಮೇಲೆ. ಕಲ್ಲೆಸೆಯುವ ದೂರದ ಮಾತು ಇರುವ ಕಡೆಯೇ, ನಾಲ್ಕು ವಾಕ್ಯದ ಆಚೆ, ಶಿಷ್ಯರು ಯಾಕೆ ಮಲಗಿದ್ದರು ಅಂತಲೂ ಇದೆ. ದುಃಖದಿಂದ ನಿದ್ದೆ ಹೋಗಿದ್ದರು ಅಂತ. ಮೊದಲ ಸಲ ಓದಿದಾಗ ನನ್ನ ಕಣ್ಣು ಅದನ್ನು ಹಾರಿಸಿಬಿಟ್ಟಿತ್ತು.

ಆ ಶನಿವಾರ ಅಣ್ಣನಿಗೆ ದೊಡ್ಡ ಪ್ಯಾಶನ್ನಿನ ಹಾಳೆಯ ಫೋಟೋ ವಾಟ್ಸಾಪ್ ಮಾಡಿದೆ. ಏನೂ ಬರೆಯಲಿಲ್ಲ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಯಾವುದೇ ಇದು?"

ಹೇಳಿದೆ. ಕಥೆ ಹೇಳಿದೆ, ಡ್ಯೂರರ್‌ನ ಅಪ್ಪನ ವಿಷಯವನ್ನೂ ಹೇಳಿದೆ. ಅಣ್ಣ ತುಂಬಾ ಹೊತ್ತು ಸುಮ್ಮನಿದ್ದ. ಹಿಂದೆ ಕುಕ್ಕರ್ ಕೂಗಿತು, ಅತ್ತಿಗೆ ಏನೋ ಅಂದರು.

"ಎರಡು ರಾತ್ರಿ ಮಲಗಿರ್ಲಿಲ್ಲ ಕಣೇ ನಾನು" ಅಂದ. "ಬೆಂಗಳೂರಿಂದ ರಾತ್ರಿಯೆಲ್ಲ ಗಾಡಿ ಓಡಿಸ್ಕೊಂಡು ಬಂದಿದ್ದೆ. ಐದು ನಿಮಿಷ ಕಣ್ಣು ಮುಚ್ಚೋಣ ಅಂತ ಒರಗಿದ್ದು. ನೀನು ಕೂಗಿದ್ದು ಮೊದಲನೇ ಸಲಕ್ಕೇ ಕೇಳಿಸ್ತು. ಏಳೋಕೆ ಕಾಲೇ ಬರ್ಲಿಲ್ಲ. ಒಳಗೆ ಏನಾಗಿದೆ ಅಂತ ಗೊತ್ತಾಗೋಗಿತ್ತು ನಂಗೆ."

ಚಪ್ಪಲಿ ಹುಡುಕುತ್ತಿದ್ದ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

"ನೀನು ಅವತ್ತಿಂದ ನನ್ ಹತ್ರ ಸರಿಯಾಗಿ ಮಾತಾಡಿಲ್ಲ" ಅಂತಲೂ ಅಂದ. ಹೌದು ಅಂದೆ. ಆಮೇಲೆ ಇಬ್ಬರೂ ಅಪ್ಪನ ಟ್ರೆಡಲ್ ಮಷೀನಿನ ಬಗ್ಗೆ, ಅದನ್ನು ಕೊಂಡ ಗುಜರಿಯವನ ಬಗ್ಗೆ, ಗಣಪತಿ ಬ್ಲಾಕ್ ಎಲ್ಲಿ ಹೋಯಿತು ಅನ್ನುವ ಬಗ್ಗೆ ಒಂದು ಗಂಟೆ ಮಾತಾಡಿದೆವು. ಬ್ಲಾಕ್ ತನ್ನ ಹತ್ತಿರವೇ ಇದೆ ಅಂದ ಅಣ್ಣ. ದೇವರ ಗೂಡಲ್ಲಿ ಇಟ್ಟಿದ್ದಾನಂತೆ.

ಕಳೆದ ಚಳಿಗಾಲದಿಂದ ಇಲ್ಲಿ ಒಂದು ಸಂಜೆ ತರಗತಿಗೆ ಹೋಗಿ ಮರದಚ್ಚು ಕೆತ್ತುವುದನ್ನು ಕಲಿಯುತ್ತಿದ್ದೇನೆ. ಕಷ್ಟ. ಮರದ ನಾರಿನ ಜೊತೆ ಹೋದರೆ ಚಾಕು ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ, ಹಿಡಿತ ತಪ್ಪಿದರೆ ಗೆರೆಯ ಆಚೆಗೂ ಹೋಗಿಬಿಡುತ್ತದೆ. ನಾರಿಗೆ ಅಡ್ಡ ಹೋದರೆ ಸಣ್ಣ ಸಣ್ಣ ಚಕ್ಕೆ ಎದ್ದು ಬರುತ್ತದೆ. ಎರಡು ಗೆರೆ ಒಂದರ ಮೇಲೊಂದು ಹಾಯುವ ಜಾಗದಲ್ಲಿ ನಾಲ್ಕು ಚಿಕ್ಕ ಕಿಟಕಿಗಳನ್ನು ಒಂದೊಂದಾಗಿ ಕೊರೆಯಬೇಕು. ಒಂದು ಸಂಜೆಗೆ ಹೆಬ್ಬೆರಳಗಲ ಆದರೆ ದೊಡ್ಡದು. ಆ ಕಾಲದಲ್ಲಿ ಬರೆಯುವವನೊಬ್ಬ, ಕೆತ್ತುವವನೊಬ್ಬ ಇರುತ್ತಿದ್ದ ಅಂತಾರೆ. ಹಲಗೆ ಕೆತ್ತುವವರಿಗೇ ಬೇರೆ ಹೆಸರಿತ್ತು, ಬೇರೆ ಕಸುಬು. ಅವರ ತಾಳ್ಮೆ ಎಂಥದ್ದು ಅಂತ ಈಗ ಕೈಗೆ ಗೊತ್ತಾಗುತ್ತಿದೆ.

ನಾನು ಕೆತ್ತುತ್ತಿರುವುದು ಆ ಪಡಸಾಲೆ. ಅಂಗೈಯಗಲದ ಪಿಯರ್ ಹಲಗೆ. ಕುರ್ಚಿ ಆಗಿದೆ. ಟ್ಯೂಬ್‌ಲೈಟ್ ಆಗಿದೆ. ಅದು ಸುಲಭ, ಇರುವ ಮರ ತೆಗೆದರೆ ಬೆಳಕು. ಮಾವನ ಟವೆಲ್ಲಿನ ಮಡಿಕೆ ಆಗಿದೆ, ಚಿಕ್ಕಪ್ಪನ ಮಗನ ಬೆನ್ನು ಆಗಿದೆ. ಅಣ್ಣ ಎಡಗಡೆ ಗೋಡೆಗೆ ಒರಗಿದ್ದ, ಹಾಗಾಗಿ ಹಲಗೆಯಲ್ಲಿ ಬಲಗಡೆ ಕೆತ್ತಿದ್ದೇನೆ. ನೆಲದ ಗೆರೆಗಳನ್ನು ಅವನ ಪ್ಯಾಂಟಿನ ಗೆರೆಗಳಿಗೆ ಸೇರಿಸಿ ಎಳೆದಿದ್ದೇನೆ.

ಐಸಿಯು ಬಾಗಿಲನ್ನು ಇನ್ನೂ ಮುಟ್ಟಿಲ್ಲ. ಅಲ್ಲಿ ಮರ ಇದ್ದ ಹಾಗೇ ಇದೆ. ನಿನ್ನೆ ಸುಮ್ನೆ ಒಂದು ಸಲ ಇಂಕ್ ಸವರಿ, ಕಾಗದ ಇಟ್ಟು, ಚಮಚದ ಬೆನ್ನಿನಿಂದ ಉಜ್ಜಿ ನೋಡಿದೆ. ಮೂಲೆ ಹಿಡಿದು ಎತ್ತಿದೆ. ಆ ಸದ್ದು ಬಂತು. ಮೂವರೂ ಚೆನ್ನಾಗಿ ಬಂದಿದ್ದಾರೆ. ಬಾಗಿಲು ಪೂರ್ತಿ ಕಪ್ಪು. ಹಾಳೆ ಒಣಗಲಿ ಅಂತ ಅಡುಗೆಮನೆ ಕಿಟಕಿಯ ದಾರಕ್ಕೆ ಸಿಕ್ಕಿಸಿದ್ದೇನೆ. ಎಣ್ಣೆ ಇಂಕು, ಒಣಗಲು ಇನ್ನೂ ನಾಲ್ಕು ದಿನ ಬೇಕು. ಒಣಗಿದ ಮೇಲೆ ಅಣ್ಣನಿಗೆ ಪೋಸ್ಟ್ ಮಾಡಬೇಕು.